ಅಧ್ಯಕ್ಷರ ಮೊಣಕಾಲು

ಜಮಖಂಡಿಯ ಹುಲೆಪ್ಪ ಮಾಸ್ತರು ಕೊರಿಯಾದ ಟೇಕ್ವಾಂಡೋ ಕಲಿಸುವ ಪ್ರತ್ಯೇಕ ಒಕ್ಕೂಟದ ಸಂಸ್ಥಾಪಕರು. ಅದರ ಅಧ್ಯಕ್ಷರು, ಪರೀಕ್ಷಕರು, ಅಂಗಳ ಗುಡಿಸುವವರೂ ಅವರೇ. ೧೯೮೦ರ ಸುಮಾರಿಗೆ ಮುಧೋಳದ ಗುರು ರೇವಪ್ಪನವರು ಶಿಷ್ಯರೆಲ್ಲರ ಎದುರು “ಹುಲ್ಯಾ, ಮೊಣಕಾಲ ಇನ್ನಷ್ಟ ಎತ್ತಲೇ” ಎಂದು ಗದರಿದ್ದೇ ತಡ, ಮಾಸ್ತರು ಸಿಟ್ಟಿನಿಂದ ಹೊರಬಂದು ಈ ಒಕ್ಕೂಟ ಕಟ್ಟಿದರು. ಅಂದಿನಿಂದ ಗುರುವಿನ ಹೆಸರೆತ್ತಿದವರಿಗೆ ಅವರ ಮನೆಯಲ್ಲಿ ಚಹಾ ಇಲ್ಲ. ಬನಹಟ್ಟಿಯ ಮಗ್ಗದಲ್ಲಿ ನೇಯಿಸಿಕೊಂಡ ಬ್ಲ್ಯಾಕ್ ಬೆಲ್ಟನ್ನು ಬೀಳಗಿ ಬಸ್ಸಿಗೆ ಕಾಯುವಾಗಲೂ ಅಂಗಿಯ ಮೇಲೆ ಬಿಗಿದಿರುತ್ತಾರೆ. ಬಸ್ಸು ಹತ್ತಿದರೆ ಕಂಡಕ್ಟರ್ ನಿಂತ ಭಂಗಿಯನ್ನು ತಿದ್ದುತ್ತಾರೆ. ಮನೆಯಲ್ಲಿ ಹೆಂಡತಿ ಪದ್ಮವ್ವ ರೊಟ್ಟಿ ಬಡಿಯುವ ಕೈಯನ್ನೂ ತಿದ್ದದೆ ಬಿಡುವುದಿಲ್ಲ. “ಮತ್ತ ನಿಮ್ಮನ್ನ ತಿದ್ದಾವರು ಯಾರ್ರೀ?” ಎಂದು ಆಕೆ ಕೇಳಿದರೆ ಬೆಲ್ಟು ಬಿಗಿದುಕೊಂಡು ಅಂಗಳಕ್ಕೆ ಹೋಗುತ್ತಾರೆ. ಕಲಿಯಲು ಬಂದ ಮಕ್ಕಳೆಲ್ಲ ಹೋದ ಮೇಲೆ ಒಬ್ಬರೇ ಒಂದು ಕಿಕ್ ಹೊಡೆದು, ಸರಿಯೋ ತಪ್ಪೋ ತಿಳಿಯದೆ ಖಾಲಿ ಅಂಗಳವನ್ನು ನೋಡುತ್ತಾರೆ. ಮೊನ್ನೆ ಹಾಗೆ ಹೊಡೆದಾಗ ಬೇಲಿಯಾಚೆಯಿಂದ ಮುಪ್ಪಾದ ದನಿಯೊಂದು ಬಂತು: “ಹುಲ್ಯಾ, ಮೊಣಕಾಲ ಇನ್ನಷ್ಟ ಎತ್ತಲೇ.” ಮಾಸ್ತರು ತಿರುಗಿ ನೋಡಲೇ ಇಲ್ಲ. ಇಷ್ಟು ವರ್ಷ ಹೊತ್ತ ಭಾರ ಇಳಿದಂತೆ ಉಸಿರು ಬಿಟ್ಟು, “ಹೂಂರೀ” ಎಂದು ಮೊಣಕಾಲು ಎತ್ತಿದರು. ಎತ್ತಿ ಹಿಡಿದುಕೊಂಡೇ ಒಳಗೆ ಕೂಗಿದರು: “ಏ ಪದ್ಮಾ, ಚಾ ಇಡ!”