ಡೆನ್ಜಿಲ್‌ಗೆ ಹೇಳಬಾರದ ಸಂಖ್ಯೆ

ಪೆಟಾಲಿಂಗ್ ಜಯಾದ ನಮ್ಮ ಕಟ್ಟಡದಲ್ಲಿ ಡೆನ್ಜಿಲ್ ಮಥಾಯಸ್ ಅವರನ್ನು ಕೆಲವರು ಹುಚ್ಚನೆಂದೂ ಕೆಲವರು ವಿಜ್ಞಾನಿಯೆಂದೂ ತಿಳಿದಿದ್ದರು. ಎರಡೂ ತಪ್ಪು. ಅವರು ಮಂಗಳೂರಿನಿಂದ ಈ ದೇಶಕ್ಕೆ ಬಂದು ಇಲ್ಲಿನ ಕೇಬಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್. ಕಾಲೇಜಿನ ದಿನಗಳಿಂದಲೂ ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡಿ, ಅವು ಎಷ್ಟು ಬೆಳಗುತ್ತಿವೆಯೆಂಬ ಅಂದಾಜನ್ನು ಹವ್ಯಾಸಿಗಳ ಸಂಘವೊಂದಕ್ಕೆ ಕಳಿಸುತ್ತಿದ್ದರು.

ಹೆಚ್ಚು ನೋಡಿದ್ದು ಮೀರಾ ಎಂಬ ಕೆಂಪು ನಕ್ಷತ್ರವನ್ನು. ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಅದು ಬರಿಗಣ್ಣಿಗೆ ಕಾಣುವಷ್ಟು ಬೆಳಗುತ್ತದೆ. ಆಮೇಲೆ ದೂರದರ್ಶಕದಲ್ಲೂ ಹುಡುಕಬೇಕಾಗುವಷ್ಟು ಮಂಕಾಗುತ್ತದೆ.

"ಮದುವೆಗೆ ಮೊದಲೇ ಇದ್ದ ಸವತಿ, ಎಂತ ಮಾಡುವುದು ವಿನೋದಕ್ಕ" ಎಂದು ಅವರ ಹೆಂಡತಿ, ನನ್ನ ಗೆಳತಿ ಲೊರೆಟ್ಟಾ ನನ್ನೆದುರು ನಗುತ್ತಿದ್ದಳು. "ಅವಳು ವರ್ಷಕ್ಕೊಮ್ಮೆಯಾದ್ರೂ ಚಂದ ಕಾಣ್ತಾಳೆ."

ಕಾರು ನಿಲ್ಲಿಸುವ ಕಟ್ಟಡದ ಮೇಲ್ಛಾವಣಿಯಲ್ಲಿ ಅವರ ಕೆಲಸ. ಡೆನ್ಜಿಲ್ ದೂರದರ್ಶಕದಲ್ಲಿ ಕಣ್ಣಿಡುವರು. ಲೊರೆಟ್ಟಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವಳು. ಮೀರಾದ ಸುತ್ತಲಿನ ನಕ್ಷತ್ರಗಳಿಗೆ ನಕ್ಷೆಯಲ್ಲಿ ಒಂದೊಂದು ಸಂಖ್ಯೆ ಇದೆ. ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಅವುಗಳೊಡನೆ ಹೋಲಿಸಿ ಡೆನ್ಜಿಲ್ ಮೀರಾಕ್ಕೊಂದು ಸಂಖ್ಯೆ ಹೇಳುವರು; ಆ ದಿನ ತಮಗೆ ಕಂಡ ಅತಿ ಮಂಕು ನಕ್ಷತ್ರ ಯಾವುದೆಂದೂ ಹೇಳುವರು. ಬರೆದು ಕಳಿಸುವುದು ಲೊರೆಟ್ಟಾ.

ಒಂದು ನಿಯಮವಿತ್ತು: ಹಿಂದಿನ ಸಂಖ್ಯೆಗಳನ್ನು ಅವಳು ಬಾಯಿ ಬಿಡಬಾರದು. ಹಳೆಯದು ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ ಎನ್ನುವುದು ಡೆನ್ಜಿಲ್ ವಾದ. ವೀಕ್ಷಣೆಯ ಶಿಸ್ತಾಗಿ ಅದು ಸರಿಯೇ. ಮದುವೆಯಾದಂದಿನಿಂದ ಅವಳು ಒಮ್ಮೆಯೂ ತಪ್ಪಿರಲಿಲ್ಲ. ಅವಳಿಗೆ ಅದರ ಹೆಮ್ಮೆಯೂ ಇತ್ತು.

ಕೆಲವು ವರ್ಷಗಳ ಹಿಂದೆ ಎದುರಿಗೊಂದು ಎತ್ತರದ ಕಟ್ಟಡ ಎದ್ದು, ನೆತ್ತಿಯ ಮೇಲೆ ಬಿಳಿ ದೀಪದ ಫಲಕ ಹಾಕಿಕೊಂಡಿತು. ಅದೇ ವರ್ಷ ಕಾಡು ಸುಟ್ಟ ಹೊಗೆಯೂ ವಾರಗಟ್ಟಲೆ ಊರನ್ನು ಮುಚ್ಚಿತ್ತು. ನೂರಹನ್ನೆರಡರ ನಕ್ಷತ್ರ ಕಾಣುತ್ತಿದ್ದ ಡೆನ್ಜಿಲ್‌ಗೆ ನೂರನಾಲ್ಕರದು ಮಾತ್ರ ಕಾಣತೊಡಗಿತು. ಮುಂದಿನ ವರ್ಷ ಅದೂ ಇಲ್ಲ, ತೊಂಬತ್ತೆಂಟರದೇ ಕೊನೆ. ಒಂದು ಸಂಜೆ ಲೊರೆಟ್ಟಾ ಬಾಯಿ ತೆರೆದಳು.

"ಡೆನ್ಜಿಲ್, ಆ ಸಣ್ಣ ಸಣ್ಣ ನಕ್ಷತ್ರ ಉಂಟಲ್ಲ..."

"ಸಂಖ್ಯೆ ಹೇಳ್ಬೇಡ ಲೊರೆಟ್ಟಾ."

"ಸಂಖ್ಯೆ ಎಲ್ಲಿ ಹೇಳಿದೆ ಮಾರಾಯ. ಮೊದಲಿನ ಹಾಗೆ..."

"ಮೊದಲಿನದ್ದು ಬೇಡ. ಆ ಬಿಲ್ಡಿಂಗಿನ ಲೈಟಿಗೆ ಆಕಾಶ ಹಾಳಾಗಿದೆ, ಅಷ್ಟೇ ಲಾ" ಎಂದರು ಡೆನ್ಜಿಲ್, ಇಲ್ಲಿನವರ ಧಾಟಿಯಲ್ಲಿ.

ಮರುವರ್ಷ ಎದುರಿನ ಕಟ್ಟಡದವರ ಏನೋ ಜಗಳದಲ್ಲಿ ಫಲಕದ ದೀಪ ಆರಿತು. ಮಳೆ ಸುರಿದು ಆಕಾಶ ತೊಳೆದಂತಿತ್ತು. ಆ ಸಂಜೆಯೂ ಡೆನ್ಜಿಲ್ ಹೇಳಿದ್ದು ತೊಂಬತ್ತೆಂಟು. ಕೆಟ್ಟಿದ್ದು ಆಕಾಶವಲ್ಲವೆಂದು ಲೊರೆಟ್ಟಾಗೆ ಗೊತ್ತಾದದ್ದು ಆಗ. ಅವಳು ಬರೆದುಕೊಂಡಳು, ಕಳಿಸಿದಳು, ಸುಮ್ಮನಿದ್ದಳು. ಅವರೂ ದೀಪ ಆರಿದ್ದನ್ನು ನೋಡಿದ್ದಾರಲ್ಲ, ತಾವೇ ಕೇಳುತ್ತಾರೆ ಎಂದುಕೊಂಡಳಂತೆ. ಹಿಂದಿನ ಸಂಖ್ಯೆ ಗೊತ್ತಿಲ್ಲದವರು ಏನೆಂದು ಕೇಳುವುದು?

ಎರಡು ವರ್ಷಗಳ ನಂತರ, ಮಾಮಕ್ ಎನ್ನುವ ಇಲ್ಲಿನ ಚಹಾದಂಗಡಿಯಲ್ಲಿ ಡೆನ್ಜಿಲ್ ತಮ್ಮ ಎಡಗೈ ಪಕ್ಕದಲ್ಲೇ ಇದ್ದ ಚಹಾದ ಗ್ಲಾಸನ್ನು ಉರುಳಿಸಿದರು. ಅಂಗಡಿಯವರು ಒರೆಸಿ ಇನ್ನೊಂದು ತಂದಿಟ್ಟರು, ಡೆನ್ಜಿಲ್ ಅದನ್ನೂ ಉರುಳಿಸಿದರು. ಮರುದಿನ ನನ್ನ ಕಾರಿನಲ್ಲೇ ಮೂವರೂ ಕಣ್ಣಿನ ವೈದ್ಯರಲ್ಲಿಗೆ ಹೋದೆವು.

ಗ್ಲಾಕೋಮಾ. ಎರಡೂ ಕಣ್ಣುಗಳ ಅಂಚಿನ ನೋಟ ಹೋಗಿತ್ತು. ಮಂಕು ನಕ್ಷತ್ರಗಳನ್ನು ಹುಡುಕುವುದು ಆ ಅಂಚಿನಿಂದಲೇ. ಇದರಲ್ಲಿ ನೋವಿರುವುದಿಲ್ಲ, ಯಾವಾಗ ಶುರುವಾಯಿತೆಂದು ಯಾರಿಗೂ ತಿಳಿಯುವುದಿಲ್ಲ ಎಂದರು ವೈದ್ಯರು. ಲೊರೆಟ್ಟಾ ತಿಂಗಳು, ವರ್ಷ ಎರಡನ್ನೂ ಹೇಳಿದಳು. ಅವರು ಬರೆದುಕೊಂಡರು. ಆಗಲೇ ಬಂದು ಕಣ್ಣಿಗೆ ಹನಿ ಹಾಕಿಸಿಕೊಂಡಿದ್ದರೆ ಅಂದು ಇದ್ದದ್ದರಲ್ಲಿ ಹೆಚ್ಚಿನದು ಉಳಿಯುತ್ತಿತ್ತು ಎಂದರು. ಅದರಲ್ಲಿ ದೂರುವ ಧ್ವನಿ ಇರಲಿಲ್ಲ.

ಕಾರಿನಲ್ಲಿ ಡೆನ್ಜಿಲ್ ಕೇಳಿದರು, "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀನು ಮಾಡಿದ್ದು ಸರಿಯೇ" ಎಂದರು ಡೆನ್ಜಿಲ್.

ಅವರು ಬೈದಿದ್ದರೆ ಲೊರೆಟ್ಟಾ ತಿರುಗಿ ಬೈಯುತ್ತಿದ್ದಳು, ಅತ್ತು ಮುಗಿಸುತ್ತಿದ್ದಳು. ಅವಳು ಹೇಳಿದ ಆ ತಿಂಗಳಿಂದೀಚೆಗಿನ ತಮ್ಮ ಸಂಖ್ಯೆಗಳನ್ನೆಲ್ಲ ಬಿಟ್ಟುಬಿಡಿ ಎಂದು ಡೆನ್ಜಿಲ್ ಸಂಘಕ್ಕೆ ತಿಳಿಸಿದರು. ಅವರು ಹೇಳಿ ಬರೆಸಿದ್ದನ್ನು ಟೈಪ್ ಮಾಡಿದವಳೂ ಅವಳೇ.

ಈಗ ಮನೆಯಲ್ಲಿ ಅವಳು ಎಲ್ಲವನ್ನೂ ಹೇಳುತ್ತಾಳೆ. ಹೋದ ವಾರ ನಾನು ಹೋದಾಗಲೂ ಅವರ ಹಿಂದೆಯೇ ನಡೆಯುತ್ತ ಹೇಳುತ್ತಿದ್ದಳು: "ಮುಂದೆ ಮೆಟ್ಟಿಲುಂಟು ಡೆನ್ಜಿಲ್. ಬಲಗಡೆ ಬಕೆಟ್. ಬಾಗಿಲು ಅರ್ಧ ತೆರೆದುಂಟು."

"ಕಾಣ್ತದೆ" ಎಂದರು ಡೆನ್ಜಿಲ್.

ಕಾಣುವುದಿಲ್ಲ. ಅವಳು ಬಕೆಟ್ಟನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದಳು.