ಅಮ್ಮನಿಗೆ ಬೇಡ ಅನ್ನುವವಳು

ನಮ್ಮಮ್ಮನಿಗೆ ಬೀದಿಯವರು ಇಟ್ಟ ಹೆಸರು ಸ್ಟೆತಸ್ಕೋಪಮ್ಮ. ಅಪ್ಪ ತೀರಿಕೊಂಡ ಮೇಲೆ ಹೆಗಲಿಗೆ ಚೀಲ ಹಾಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಥರ್ಮಾಮೀಟರಿನಿಂದ ಗಾಲಿಕುರ್ಚಿಯವರೆಗೆ ಎಲ್ಲ ಮಾರಿ, ಕೊನೆಗೆ ಮನೆಯ ಮುಂಭಾಗದಲ್ಲೇ ಅಂಗಡಿ ಇಟ್ಟವಳು. ಅವಳೊಡನೆ ಚೌಕಾಸಿಗೆ ಇಳಿದ ದೊಡ್ಡ ಡಾಕ್ಟರುಗಳೂ ಬೆವರು ಒರೆಸಿಕೊಂಡು ಹೋಗಿದ್ದಾರೆ. ಮನೆಯಲ್ಲಂತೂ ಅವಳೆದುರು ಯಾರೂ ಚಕಾರ ಎತ್ತುವಂತಿರಲಿಲ್ಲ. ಮಗನಾದ ನನಗೆ ಎತ್ತುವ ಆಸೆಯೂ ಇರಲಿಲ್ಲ ಅನ್ನಿ.

ಹೀಗಿರುವಾಗ ಹೊಸ ಕಾನೂನು ಬಂತು, ಹೊರದೇಶದ ಸರಕಿನ ಮೇಲಿನ ಸುಂಕ ಹೋಯಿತು. ವೈದ್ಯಕೀಯ ಉಪಕರಣ ಮಾರುವವರೆಲ್ಲ ಇನ್ನು ರಾಷ್ಟ್ರಮಟ್ಟದ ಒಪ್ಪಿಗೆ ಪಡೆಯಬೇಕು. ಪಡೆದರೆ ದೇಶದ ಯಾವ ಮೂಲೆಗಾದರೂ ಮಾರಬಹುದು. ಪಡೆಯದಿದ್ದರೆ ಅಂಗಡಿಗೆ ಬೀಗ. ಒಂದೇ ತೊಡಕು: ಸರಕಿನ ಗುಣಮಟ್ಟಕ್ಕೆ ಹೊಣೆಯಾಗಲು ಅದನ್ನೇ ಓದಿದವರೊಬ್ಬರು ಬೇಕು. ಅವರು ಬೇಡ ಅಂದದ್ದನ್ನು ಮಾಲೀಕರೂ ಮಾರುವಂತಿಲ್ಲ.

ಓದಿದವಳು ಮನೆಯಲ್ಲೇ ಇದ್ದಳು. ನನ್ನ ಹೆಂಡತಿಯ ಡಿಗ್ರಿ ಇಂಥ ಯಂತ್ರಗಳದ್ದೇ. "ಅಂಗಡಿಗೆ ನಾನೊಬ್ಬಳು ಸಾಕು" ಎಂದು ಅಮ್ಮ ನಮ್ಮ ಮದುವೆಯಾದಂದಿನಿಂದ ಅವಳನ್ನು ಅತ್ತ ಸುಳಿಯಗೊಟ್ಟಿರಲಿಲ್ಲ. ಈಗ ಬಾಯಿತುಂಬ "ಮಗಳೇ" ಎನ್ನತೊಡಗಿದಳು.

"ನೀನು ಸರ್ಟಿಫಿಕೇಟ್ ಕೊಡು ಸಾಕು. ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಒಪ್ಪಿಗೆ ಕೊಡುವ ಮುನ್ನ ತಪಾಸಣೆಗೆ ಬಂದ ಮೇಡಂ ಸಾಮಾನ್ಯದವರಲ್ಲ. ಅಂಗಡಿಯೆಲ್ಲ ಸುತ್ತಿ, ಸುಂಕ ಹೋದದ್ದೇ ತಡ ಅಮ್ಮ ಅಗ್ಗಕ್ಕೆ ತಂದು ಪೇರಿಸಿದ್ದ ವಿದೇಶಿ ಬಿಪಿ ಯಂತ್ರಗಳ ಮುಂದೆ ನಿಂತರು.

"ಇವನ್ನ ಮಾರಬಹುದಾ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

ಅವಳು ಎರಡು ಡಬ್ಬ ಬಿಚ್ಚಿ, ಒಂದಾದ ಮೇಲೊಂದು ಯಂತ್ರವನ್ನು ನನ್ನ ತೋಳಿಗೆ ಕಟ್ಟಿದಳು. ಒಂದರ ಪ್ರಕಾರ ನಾನು ಗಟ್ಟಿಮುಟ್ಟು. ಇನ್ನೊಂದರ ಪ್ರಕಾರ ತಕ್ಷಣ ಆಸ್ಪತ್ರೆಗೆ ಸೇರಬೇಕು. ಅಮ್ಮ ನೋಡುತ್ತಿದ್ದ ರೀತಿಗೆ ಎರಡನೆಯದೇ ನಿಜವಿರಬೇಕು ಅನ್ನಿಸಿತು. ಹೂಂ ಅಂದರೆ ಒಪ್ಪಿಗೆ ತಪ್ಪಿ ಅಂಗಡಿ ಹೋಯಿತು, ಊಹೂಂ ಅಂದರೆ ಅತ್ತೆಯೊಡನೆ ಒಂದೇ ಮನೆಯಲ್ಲಿ ಬಾಳಬೇಕು. ಅವಳು ಎರಡೂ ಯಂತ್ರಗಳನ್ನು ಡಬ್ಬಕ್ಕೆ ಹಾಕಿ ಮುಚ್ಚಿದಳು.

"ಇಲ್ಲ ಮೇಡಂ. ಮಾರೋಕೆ ಬಿಡಲ್ಲ."

"ನಿಮ್ಮ ಅತ್ತೆ ಮಾರೋಣ ಅಂದ್ರೆ?"

"ಅತ್ತೆ ಅಂದ್ರೂ ಬಿಡಲ್ಲ."

ಮೇಡಂ ಒಪ್ಪಿಗೆಗೆ ಸಹಿ ಹಾಕಿ ಹೊರಟುಹೋದರು. ಅವರ ಕಾರು ತಿರುವು ದಾಟುವವರೆಗೆ ಅಮ್ಮ ತಡೆದುಕೊಂಡಳು.

"ಹೊರಗಿನವರ ಮುಂದೆ ನನ್ನ ಮಾನ ಕಳೆದೆಯಲ್ಲೇ!"

"ಅಂಗಡಿ ಉಳೀತಲ್ಲ ಅತ್ತೆ." ಹೆಂಡತಿಯ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಇನ್ನೂ ಒಂದು ಮಾತಿದೆ. ಬರೀ ನನ್ನ ಸರ್ಟಿಫಿಕೇಟನ್ನ ಅಂಗಡೀಲಿ ನೇತುಹಾಕಿದ್ರೆ ಸಾಲದು. ನಾಳೆಯಿಂದ ನಾನೂ ಬರ್ತೀನಿ."

ನನಗೆ ಒಳಗೊಳಗೇ ಎಂಥ ಖುಷಿ! ತೋರಿಸಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ಅಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ, ಹೊಸ ಸರಕು ನೋಡುವಂತೆ ನೋಡಿದಳು.

"ನಾಳೆ ಯಾಕೆ? ಈ ರಾಶಿ ವಾಪಸ್ ಕಳಿಸೋಕೆ ನಿನ್ನ ಗಂಡನ್ನ ನಂಬ್ಕೊಂಡು ಕೂತಿರ್ಲಾ? ಈಗ್ಲೇ ಬಾ."