ವಂದನಾರ್ಪಣೆಗೆ ಸಿಕ್ಕಿಬಿದ್ದ ಐರಿಷ್ ಸಂಸದರು

ಶನಿವಾರ ಊಟ ಮುಗಿಸಿಕೊಂಡು ನಾನೂ ನೋರಾಳೂ ಸ್ಯಾನ್ ಮಟಿಯೋದಿಂದ ರೈಲು ಹತ್ತಿದೆವು. ನೋರಾ ನನ್ನ ತಂಗಿ ಪದ್ಮಳ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವಳು. ಐರ್ಲೆಂಡಿನಿಂದ ಬಂದು, ಪದ್ಮ ಡಾಕ್ಟರಾಗಿರುವ ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದು ತಲೆ ನರೆತವಳು. ಹೊರಡುವಾಗ ಪದ್ಮ ಬಾಗಿಲಿಗೆ ಬಂದು, "ಅಕ್ಕ, ಸ್ವೆಟರ್ ತಗೊಂಡ್ಹೋಗು. ಸಿಟೀಲಿ ಫಾಗು ಇರತ್ತೆ" ಎಂದಳು.

"ಜುಲೈನಲ್ಲಿ ಸ್ವೆಟರಾ? ಜನ ನಗಲ್ವೇನೆ?"

"ನಗೋರೂ ಹಾಕ್ಕೊಂಡಿರ್ತಾರೆ, ನೋಡು."

ಸ್ಯಾನ್ ಫ್ರಾನ್ಸಿಸ್ಕೋ ಅಲ್ಲಿಗೆ ಇಪ್ಪತ್ತು ಮೈಲಿ. ಎರಡಂತಸ್ತಿನ ರೈಲು, ಮೇಲಿನ ಸೀಟೇ ಬೇಕೆಂದು ಹಟ ಮಾಡಿ ಅಲ್ಲೇ ಕೂತೆ. ಕಿಟಕಿಯಲ್ಲಿ ಒಂದು ಕಡೆ ಕೊಲ್ಲಿಯ ನೀರು, ಒಂದು ಕಡೆ ಒಣಗಿದ ಹುಲ್ಲಿನ ಗುಡ್ಡ. ನೋರಾ ಯಾವುದನ್ನೂ ನೋಡಲಿಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಅವಳ ತಮ್ಮ ಮೈಕಲ್ ಊರಿನಲ್ಲಿ ಬಡಗಿ. ಅಲ್ಲಿ ಪಬ್ಬಿನ ಬಾಗಿಲು ಹಾಕುವ ಹೊತ್ತಾದ ಮೇಲೂ ಲೋಟದಲ್ಲಿ ಉಳಿದದ್ದನ್ನು ಕುಡಿದು ಮುಗಿಸಲು ಕಾನೂನೇ ಸ್ವಲ್ಪ ಸಮಯ ಕೊಡುತ್ತದಂತೆ. ಆ ಸಮಯದೊಳಗೆ ಕೂತಿದ್ದ ಮೈಕಲ್‌ನನ್ನು ಪೊಲೀಸರು ಎಳೆದುಕೊಂಡು ಹೋದರು. ಠಾಣೆಯಿಂದ ಮನೆಗೆ ಬಂದಾಗ ಬಲಗೈ ಮುರಿದಿತ್ತು.

"ದೂರು ಕೊಟ್ಟ. ವಿಚಾರಣೆಗೆ ಯಾರು ಬಂದರು ಗೊತ್ತಾ? ಅದೇ ಠಾಣೆಯ ಸಾರ್ಜೆಂಟು."

"ಹೊಡೆದವರನ್ನೇ ಕೇಳೋದಾ, ಹೊಡೆದ್ರಾ ಅಂತ?"

"ಹೂಂ. ಇಲ್ಲ ಅಂದರು. ಇಲ್ಲ ಅಂತ ಬರಕೊಂಡರು. ಮುಗೀತು."

ಆ ಕಡೆಯ ಸಂಸದರು ಅಮೆರಿಕದ ಪ್ರವಾಸಕ್ಕೆ ಬಂದಿದ್ದರು. ಅವತ್ತು ಐರಿಷ್ ಜನರ ಸಭಾಂಗಣದಲ್ಲಿ ಅವರ ಭಾಷಣ. ಬೇರೆ ಜಿಲ್ಲೆಯ ಅಧಿಕಾರಿಯಿಂದ ವಿಚಾರಣೆ ಆಗಲಿ ಎಂದು ಅವರು ಪಾರ್ಲಿಮೆಂಟಿನಲ್ಲಿ ಕೇಳಬೇಕು. ನೋರಾಳಿಗೆ ಬೇಕಾದದ್ದು ಅಷ್ಟೇ.

ರೈಲಿಳಿದು ಬಸ್ಸು ಹಿಡಿದೆವು. ಸಮುದ್ರದ ಕಡೆಯ ಬಡಾವಣೆ ತಲುಪುವಷ್ಟರಲ್ಲಿ ಮಂಜು ಮುಸುಕಿ ಎದುರು ಸಾಲಿನ ಮನೆಗಳೇ ಕಾಣುತ್ತಿರಲಿಲ್ಲ. ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡೆ. ಸಭಾಂಗಣದಲ್ಲಿ ಮೊಟ್ಟೆ ಹಾಕದ ಬ್ರೆಡ್ಡು, ಬೆಣ್ಣೆ, ಗಟ್ಟಿ ಹಾಲು ಹಾಕಿದ ಕಡಕ್ ಟೀ. ಅಮೆರಿಕಕ್ಕೆ ಬಂದಮೇಲೆ ಟೀ ಎನ್ನಬಹುದಾದ ಟೀ ಕುಡಿದದ್ದು ಅಲ್ಲೇ.

ಸಂಸದರು ಎತ್ತರದ ಆಳು. ಎದುರಾದವರನ್ನೆಲ್ಲ ಅವರವರ ಅಪ್ಪನ ಹೆಸರು ಹೇಳಿ ವಿಚಾರಿಸುತ್ತಿದ್ದರು; ನಮ್ಮ ಎಮ್ಮೆಲ್ಲೆಗಳ ಹಾಗೆಯೇ. ಭಾಷಣ ಮುಗಿದು ಪ್ರಶ್ನೆಗಳು ಶುರುವಾದವು. ಅವರ ಕಡೆಯ ಒಂದು ಪಟ್ಟಣಕ್ಕೆ ಇಂಗ್ಲಿಷ್ ಹೆಸರು ತೆಗೆದು ಹಳೆಯ ಐರಿಷ್ ಹೆಸರಿಡಲು ತೆರಿಗೆ ಕಟ್ಟುವವರ ವೋಟು ಕೇಳುತ್ತಾರಂತೆ. ಮುಂದಿನ ಸಾಲಿನ ಟೊಪ್ಪಿಗೆಯ ಮುದುಕ ಎದ್ದು, "ಹುಟ್ಟಿದಾಗಿಂದ ಆ ಊರನ್ನ ಇದೇ ಹೆಸರಲ್ಲಿ ಬೈದುಕೊಂಡು ಬಂದಿದೀನಿ. ಈ ವಯಸ್ಸಲ್ಲಿ ಹೊಸದು ಕಲೀಬೇಕಾ?" ಎಂದ. ಇನ್ನೊಬ್ಬರು, ಡಬ್ಲಿನ್ನಿನಲ್ಲಿ ದಿನಾ ಮಧ್ಯಾಹ್ನ ಒಂದು ಗಂಟೆ ಕಾಲ ಪಬ್ಬು ಮುಚ್ಚಿಸುವ ಕಾನೂನು ಯಾವಾಗ ತೆಗೆಯುತ್ತೀರಿ ಎಂದರು. "ತೆಗೆದರೆ ಮಧ್ಯಾಹ್ನದ ಮೇಲೆ ಪಾರ್ಲಿಮೆಂಟಿಗೆ ಒಬ್ಬನೂ ಬರಲ್ಲ" ಎಂದು ಸಂಸದರು ಹೇಳಿದಾಗ ಸಭೆಯೆಲ್ಲ ನಕ್ಕಿತು. ತೊಟ್ಟೂ ಕುಡಿಯದ ನಾನೂ ನಕ್ಕೆ.

ಆಮೇಲೆ ನೋರಾ ಎದ್ದು ಕೇಳಿದಳು. ಸಂಸದರು ತಲೆಯಾಡಿಸಿ, "ಅದು ಪರಿಶೀಲನೆಯಲ್ಲಿದೆ, ನೋರಾ. ನಿಮ್ಮ ತಂದೆ ನನಗೆ ಬಹಳ ಬೇಕಾದವರು" ಎಂದು ಹೇಳಿ ಆಚೆಯವರ ಕಡೆ ತಿರುಗಿಬಿಟ್ಟರು.

ಉಳಿದದ್ದು ವಂದನೆ ಮಾತ್ರ. ಟೀ ಏರ್ಪಾಡು ಮಾಡಿದ ಹೆಂಗಸರ ಪರವಾಗಿ ಅದನ್ನು ನೋರಾಳೇ ಹೇಳಬೇಕಿತ್ತು. "ನನ್ನ ಕೈಲಾಗಲ್ಲ. ಅವನಿಗೆ ಯಾತಕ್ಕೆ ವಂದನೆ?" ಎಂದು ಕುರ್ಚಿಗೆ ಒರಗಿದಳು.

ನಾನು ಹಾಸನದ ಮಹಿಳಾ ಸಮಾಜದ ಕಾರ್ಯದರ್ಶಿ. ಮುಖ್ಯ ಅತಿಥಿಗಳು ಭಾಷಣದಲ್ಲಿ ಜಾರಿಕೊಂಡದ್ದನ್ನು ನಾವು ಬಿಡುವುದಿಲ್ಲ. ಆ ಕೆಲಸ ಮಾಡಿಕೊಡಲಿರುವುದಕ್ಕಾಗಿ ಎಂದು ವಂದನಾರ್ಪಣೆಯಲ್ಲಿ ಮೊದಲೇ ಕೃತಜ್ಞತೆ ಸಲ್ಲಿಸಿಬಿಡುತ್ತೇವೆ. ಕೊರಳಲ್ಲಿ ಹಾರ ಇರುವಾಗ ಯಾರೂ ಇಲ್ಲವೆನ್ನುವುದಿಲ್ಲ. ನಮ್ಮ ಬೀದಿಗೆ ನಲ್ಲಿ ಬಂದದ್ದೇ ಹಾಗೆ. ಇದನ್ನು ಅವಳ ಕಿವಿಯಲ್ಲಿ ಹೇಳಿದೆ.

"ಅವನು ಒಪ್ಪೇ ಇಲ್ಲವಲ್ಲ."

"ಇಲ್ಲ ಅನ್ನೋ ಕೆಲಸ ಅವರದ್ದಿರಲಿ. ನೀವು ವಂದನೆ ಹೇಳಿ ಚಪ್ಪಾಳೆ ತಟ್ಟಿ. ಅವರು ಏಳೋವರೆಗೂ ನಿಲ್ಲಿಸಬೇಡಿ."

ನೋರಾ ಲಂಗ ಸರಿಮಾಡಿಕೊಂಡು ವೇದಿಕೆ ಹತ್ತಿದಳು. ಬ್ರೆಡ್ಡು ಬೇಯಿಸಿದವರಿಗೆ, ಪಿಟೀಲು ನುಡಿಸಿದವರಿಗೆ, ಕುರ್ಚಿ ಹಾಕಿದವರಿಗೆ ವಂದನೆ ಹೇಳಿ ಸಂಸದರ ಕಡೆ ತಿರುಗಿದಳು. "ಕೊನೆಯದಾಗಿ, ಪೊಲೀಸರ ಮೇಲಿನ ದೂರನ್ನು ಹೊರಗಿನ ಅಧಿಕಾರಿ ವಿಚಾರಿಸಬೇಕು ಅಂತ ಪಾರ್ಲಿಮೆಂಟಿನಲ್ಲಿ ಕೇಳಲಿರುವ ನಮ್ಮ ಸದಸ್ಯರಿಗೆ, ಕೈ ಮುರಿಸಿಕೊಂಡ ನನ್ನ ತಮ್ಮ ಮೈಕಲ್‌ನ ಪರವಾಗಿ, ಇಲ್ಲಿರುವ ಎಲ್ಲರ ಪರವಾಗಿ ವಂದನೆಗಳು." ಹೇಳಿ ಚಪ್ಪಾಳೆ ತಟ್ಟತೊಡಗಿದಳು.

ನಾನೂ ತಟ್ಟಿದೆ. ಟೊಪ್ಪಿಗೆಯ ಮುದುಕ ಎದ್ದು ನಿಂತು ತಟ್ಟಿದ. ಅವನ ಹಿಂದಿನ ಸಾಲು ಎದ್ದಿತು, ಆಮೇಲೆ ಸಭೆಯೇ ಎದ್ದಿತು. ಸಂಸದರು ಒಂದು ಗಳಿಗೆ ಮುಖ ಗಂಟು ಹಾಕಿಕೊಂಡರು. ಅತ್ತಿತ್ತ ನೋಡಿದರು, ಎದ್ದರು. "ಕೇಳ್ತೀನಿ. ರಜೆ ಮುಗಿದು ಪಾರ್ಲಿಮೆಂಟು ಸೇರಿದ ಕೂಡಲೇ ಕೇಳ್ತೀನಿ."

"ಎಲ್ಲರೂ ಕೇಳಿಸಿಕೊಂಡಿರಲ್ಲ?" ಎಂದು ಮುದುಕ ಕೂಗಿದ. ಕೇಳಿಸಿಕೊಂಡೆವೆಂದು ಸಭೆ ಒಂದೇ ದನಿಯಲ್ಲಿ ಹೇಳಿತು.

ಹಿಂದಿರುಗುವ ರೈಲಿನಲ್ಲಿ ನೋರಾ ಕೊಲ್ಲಿಯನ್ನೂ ನೋಡಿದಳು, ಗುಡ್ಡವನ್ನೂ ನೋಡಿದಳು, ನನ್ನ ಡಬ್ಬಿಯ ಕೋಡುಬಳೆಯನ್ನೂ ಖಾಲಿ ಮಾಡಿದಳು. ಸ್ಟೇಷನ್ನಿಗೆ ಕಾರು ತಂದಿದ್ದ ಪದ್ಮ ಎಲ್ಲ ಕೇಳಿ, "ಇಲ್ಲೂ ನಿನ್ನ ಸೆಕ್ರೆಟರಿ ಕೆಲಸ ಬಿಡ್ಲಿಲ್ವಲ್ಲ ಅಕ್ಕ" ಎಂದಳು. ದಾರಿಯುದ್ದಕ್ಕೂ ನಗುತ್ತಲೇ ಕಾರು ಓಡಿಸಿದಳು.

ನಾನು ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದ ವಾರ ನೋರಾ ಮೆಟ್ಟಿಲು ಹತ್ತಿ ಬಂದಳು, ಏದುಸಿರು ಬಿಡುತ್ತ. ಮೈಕಲ್ ಫೋನು ಮಾಡಿದ್ದನಂತೆ. ಸಂಸದರು ಪ್ರಶ್ನೆ ಕೇಳಿದ್ದರು. ಬೇರೆ ಜಿಲ್ಲೆಯಿಂದ ಇನ್ಸ್‌ಪೆಕ್ಟರ್ ಬಂದು, ಅವನ ಅಡಿಗೆಮನೆಯ ಮೇಜಿನ ಮುಂದೆ ಕೂತು, ಮೊದಲಿನಿಂದ ಹೇಳಿ ಎಂದು ಮೈಕಲ್‌ನನ್ನೇ ಕೇಳಿದರಂತೆ. ದಾರಿ ತೋರಿಸಲು ಜೊತೆಗೆ ಬಂದಿದ್ದ ಸಾರ್ಜೆಂಟನ್ನು ಹೊರಗೆ ಕಳಿಸಿದರಂತೆ.

"ಹೊರಗೆ ಅಂದರೆ?" ಎಂದೆ.

"ಮಳೆಯಲ್ಲಿ" ಎಂದಳು ನೋರಾ.